ಶಾದ್ಲಿ ಮೇಷ್ಟ್ರು ಮುಗಿಸಿಕೊಟ್ಟ ಆಟ

ಶಾದ್ಲಿ ಮೇಷ್ಟ್ರು ನಮ್ಮ ಸ್ಫಾಕ್ಸ್ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದರು. ಅಷ್ಟು ವರ್ಷಗಳಲ್ಲಿ ಯಾರ ಪ್ರಶ್ನೆಗೂ ಅವರು ‘ನೋಡಿ ಹೇಳ್ತೀನಿ’ ಅಂದದ್ದಿಲ್ಲ. ಕೇಳಿದವನು ಬಾಯಿ ಮುಚ್ಚುವ ಮೊದಲೇ ಉತ್ತರ ಬಂದಿರುತ್ತಿತ್ತು. ಅದು ಸರಿಯೋ ತಪ್ಪೋ ಬೇರೆ ಮಾತು. ತಡ ಮಾತ್ರ ಆಗುತ್ತಿರಲಿಲ್ಲ. ನಿವೃತ್ತರಾದ ಮೇಲೂ ಬಾಬ್ ದಿವಾನ್ ಹೆಬ್ಬಾಗಿಲ ಬಳಿಯ ಕಾಫಿ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟ ಕುರ್ಚಿ ಅವರದೇ. ಅವರು ಬರುವುದು ಹೊತ್ತಾದರೆ ಬೇರೆ ಯಾರಾದರೂ ಕೂತುಬಿಟ್ಟಾರೆಂದು ಮಾಣಿ ಅದರ ಮೇಲೆ ತನ್ನ ತಟ್ಟೆ ಇಟ್ಟಿರುತ್ತಾನೆ.

ನಾನು ಲಮೀನ್. ನಗರಸಭೆಯಲ್ಲಿ ನಕಲು ಪ್ರತಿಗಳಿಗೆ ಮೊಹರು ಹಾಕುವ ಕಿಟಕಿಯ ಹಿಂದೆ ಕೂತು ಆಯುಸ್ಸು ಸವೆಸಿದವನು. ‘ಮೂಲಕ್ಕೆ ಸರಿಯಾಗಿದೆ’ ಎಂಬ ಆ ಮೊಹರು ಬೀಳದೆ ನಮ್ಮ ದೇಶದಲ್ಲಿ ಯಾವ ಕಾಗದವೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗದು. ಮೂಲ ಪ್ರತಿ ಕಣ್ಣಾರೆ ನೋಡದೆ ನಾನು ಯಾರಿಗೂ ಮೊಹರು ಒತ್ತಿದವನಲ್ಲ. ಸ್ವಂತ ಭಾವನನ್ನೇ ಎರಡು ಸಲ ವಾಪಸು ಕಳಿಸಿದ್ದೇನೆ. ಆದರೆ ಒಂದೇ ಒಂದು ವಿಷಯದಲ್ಲಿ ಮೂವತ್ತು ವರ್ಷ ಮೂಲ ಎಲ್ಲಿ ಎಂದು ಕೇಳಲೇ ಇಲ್ಲ. ಅದು ಮೇಷ್ಟ್ರು ಹೇಳಿದ ಒಂದು ಆಟದ ಕೊನೆ.

ತೊಂಬತ್ನಾಲ್ಕನೇ ಇಸವಿಯ ಮಾತು. ನಮ್ಮ ಗೆಳೆಯ ಮೊಂಜಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಿದ್ದ. ಎಲ್ಲೆಲ್ಲಿಂದಲೋ ಬಿಡಿಭಾಗ ತಂದು, ಕೈಯಾರೆ ಬೆಸುಗೆ ಹಾಕಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಕಟ್ಟಿ ನಿಲ್ಲಿಸಿದ್ದ. ಅದರ ಪೆಟ್ಟಿಗೆಗೆ ಮುಚ್ಚಳವಿರಲಿಲ್ಲ. ಬೇಸಿಗೆಯಲ್ಲಿ ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡಬೇಕಾಗುತ್ತಿತ್ತು. ಭಾನುವಾರ ಊಟ ಮುಗಿಸಿ ನಾವು ಏಳೆಂಟು ಜನ ಅದರ ಮುಂದೆ ಸೇರುತ್ತಿದ್ದೆವು. ಆಟದ ಹೆಸರು ‘ಉಪ್ಪಿನ ದೀಪಸ್ತಂಭ’. ಗುಂಡು ಹಾರಿಸುವ ಆಟವಲ್ಲ. ಕಾರ್ವೆಲ್ ಎಂಬ ನಕ್ಷೆ ಬರೆಯುವವನು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾನೆ. ನಾವು ಅವನನ್ನು ನಡೆಸಬೇಕು, ಸಿಕ್ಕ ಸಾಮಾನನ್ನೆಲ್ಲ ಅವನ ಚೀಲಕ್ಕೆ ಹಾಕಬೇಕು, ಯಾವುದನ್ನು ಎಲ್ಲಿ ಬಳಸಿದರೆ ಬಾಗಿಲು ತೆರೆಯುತ್ತದೆಂದು ತಲೆ ಕೆಡಿಸಿಕೊಳ್ಳಬೇಕು. ಎರಡು ಭಾಗ ಮುಗಿಸಿದ್ದೆವು. ಇದು ಮೂರನೆಯದು, ಕೊನೆಯದು. ಮಾತೆಲ್ಲ ತೆರೆಯ ಮೇಲೆ ಅಕ್ಷರದಲ್ಲಿ ಬರುತ್ತಿತ್ತು, ಅದೂ ಇಂಗ್ಲಿಷಿನಲ್ಲಿ. ನಮಗೆಲ್ಲ ಗೊತ್ತಿದ್ದುದು ಅರಬ್ಬಿ ಮತ್ತು ಫ್ರೆಂಚು. ಇಂಗ್ಲಿಷ್ ಬರುತ್ತಿದ್ದುದು ಮೇಷ್ಟ್ರಿಗೊಬ್ಬರಿಗೆ.

ಹೀಗಾಗಿ ಮೌಸ್ ಮೊಂಜಿಯ ಕೈಯಲ್ಲಿ, ಮಾತು ಮೇಷ್ಟ್ರ ಬಾಯಲ್ಲಿ. ಬರೀ ಓದಿ ಹೇಳಿದರೆ ಅವರು ಮೇಷ್ಟ್ರು ಹೇಗಾದಾರು? ದೀಪಸ್ತಂಭ ಕಾಯುವ ಎಲ್ವಿನಾ ಅವರ ಬಾಯಲ್ಲಿ ನಮ್ಮೂರ ಸೋದರತ್ತೆಯರ ಹಾಗೆ ಗದರುತ್ತಿದ್ದಳು. ಕಳ್ಳಸಾಗಣೆಯವನು ಶಾಲೆಯ ಹೆಡ್‌ಮಾಸ್ಟರರ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದ. ಮೊದಲ ಭಾಗದ ಮೊದಲ ದೃಶ್ಯದಲ್ಲೇ ಎಲ್ವಿನಾ ಕಾರ್ವೆಲ್‌ಗೆ ಒಂದು ಹಿತ್ತಾಳೆ ಸೀಟಿ ಕೊಟ್ಟಿದ್ದಳು. ಮೂರು ಭಾಗದುದ್ದಕ್ಕೂ ಅದು ಅವನ ಚೀಲದಲ್ಲೇ ಬಿದ್ದಿತ್ತು, ಎಲ್ಲೂ ಉಪಯೋಗಕ್ಕೆ ಬರಲಿಲ್ಲ. ಯಾಕೆ ಎಂದು ಕೇಳಿದಾಗ ಮೇಷ್ಟ್ರು, ಬದುಕಿನಲ್ಲಿ ನಾವು ಹೊರುವ ಎಲ್ಲ ಸಾಮಾನಿಗೂ ಕೆಲಸವಿರುವುದಿಲ್ಲ, ಕಲಾವಿದ ಅದನ್ನೇ ಹೇಳುತ್ತಿದ್ದಾನೆ ಎಂದು ವಿವರಿಸಿದರು. ನಾವು ತಲೆದೂಗಿದೆವು. ನಾನಂತೂ ಅದನ್ನು ಕಚೇರಿಯಲ್ಲಿ ನಾಲ್ಕಾರು ಜನರಿಗೆ ನನ್ನದೇ ಮಾತೆಂಬಂತೆ ಹೇಳಿದ್ದುಂಟು.

ಕೊನೆಯ ಭಾನುವಾರ. ಟ್ಯೂನಿಸ್‌ನ ವ್ಯಾಪಾರಿಯೊಬ್ಬ ಕೊಟ್ಟಿದ್ದ ನಕಲಿ ಫ್ಲಾಪಿಗಳು ಹತ್ತು, ಹತ್ತನೆಯದು ಓಡುತ್ತಿತ್ತು. ಯಾವಾಗ ಯಾವುದನ್ನು ಬದಲಿಸಬೇಕೆಂದು ಓದಿ ಹೇಳುತ್ತಿದ್ದವರೂ ಮೇಷ್ಟ್ರೇ. ಬಿರುಗಾಳಿಯಲ್ಲಿ ಕಾರ್ವೆಲ್ ದೀಪಸ್ತಂಭದ ಮೆಟ್ಟಿಲು ಹತ್ತುತ್ತಿದ್ದಾನೆ. ಮೇಲೆ ದೀಪದ ಕೋಣೆಯ ಬಾಗಿಲು. ಅಷ್ಟರಲ್ಲಿ ತೆರೆ ಕಪ್ಪಾಗಿ, ನಡುವೆ ಸಣ್ಣ ಅಕ್ಷರದ ಒಂದು ಸಾಲು ಮೂಡಿತು. ಏನಂತೆ ಎಂದು ಮೊಂಜಿ ಕೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಮೆಷಿನ್‌ಗೆ ಸುಸ್ತಾಗಿದೆ ಅಂತಿದೆ. ಮುಂದಕ್ಕೆ ಹೋಗಲ್ವಂತೆ.”

ಮೊಂಜಿಯ ಮುಖ ಸಪ್ಪಗಾಯಿತು. ಆದರೆ ಮೇಷ್ಟ್ರು, ಯೋಚನೆ ಬೇಡ, ಇದರ ಕೊನೆಯನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೇನೆ, ಕೇಳಿ ಎಂದು ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡರು. ಒಂದೂವರೆ ಗಂಟೆ ಹೇಳಿದರು. ದೀಪದ ಎಣ್ಣೆ ಮುಗಿದಿದೆ. ಹಡಗುಗಳು ಬಂಡೆಯತ್ತ ಬರುತ್ತಿವೆ. ಎಲ್ವಿನಾ ದೀಪಸ್ತಂಭಕ್ಕೇ ಬೆಂಕಿ ಹಚ್ಚುತ್ತಾಳೆ. ಹಡಗುಗಳು ಉಳಿಯುತ್ತವೆ, ಅವಳು ಉಳಿಯುವುದಿಲ್ಲ. ಕಾರ್ವೆಲ್ ಆ ದ್ವೀಪವನ್ನು ತನ್ನ ನಕ್ಷೆಯಿಂದ ಅಳಿಸಿಬಿಡುತ್ತಾನೆ. ನಾವು ಏಳೆಂಟು ಗಂಡಸರು, ಮೀಸೆ ಹೊತ್ತವರು, ರೇಡಿಯೊ ಅಂಗಡಿಯಲ್ಲಿ ಕೂತು ಕಣ್ಣೊರೆಸಿಕೊಂಡೆವು.

ಎದ್ದು ಹೊರಡುವಾಗ ಮೊಂಜಿ ಒಂದು ಮಾತು ಹೇಳಿದ. ಹೆಂಡತಿಯ ಅಣ್ಣ ಲಿಯಾನ್‌ನಲ್ಲಿದ್ದಾನೆ, ಆಗಸ್ಟ್‌ನಲ್ಲಿ ರಜಕ್ಕೆ ಬರುತ್ತಾನೆ, ಹೊಸ ಫ್ಲಾಪಿಗಳನ್ನು ತರಿಸಿದರೆ ಕೊನೆಯನ್ನು ಕಣ್ಣಾರೆ ನೋಡಬಹುದಲ್ಲ ಎಂದ. ಎಲ್ಲ ಹೇಳಿದ ಮೇಲೆ ನೋಡುವುದೇನಿದೆ, ಸುಮ್ಮನೆ ಅವರಿಗೆ ತೊಂದರೆ ಎಂದರು ಮೇಷ್ಟ್ರು. ಅಲ್ಲಿಗೆ ಮುಗಿಯಿತು. ಆ ವಾರ ಮೊಂಜಿ ಕಂಪ್ಯೂಟರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ. ಎಲ್ಲಿ ತಪ್ಪಾಯಿತೆಂದು ಅವನಿಗೆ ಸಿಗಲಿಲ್ಲ.

ವರ್ಷಗಳಾದ ಮೇಲೆ ಇಂಟರ್‌ನೆಟ್ ಬಂತು. ಈ ಆಟದ ಅಭಿಮಾನಿಗಳು ಲೋಕದ ತುಂಬ ಇದ್ದಾರೆಂದು ಆಗಲೇ ಗೊತ್ತಾದದ್ದು. ನಾವೂ ‘ಉಪ್ಪಿನ ಬಳಗ’ ಎಂದು ಹೆಸರಿಟ್ಟುಕೊಂಡೆವು. ಔಷಧಿ ಅಂಗಡಿಯ ಸಲ್ವಾ, ನಮಗಿಂತ ಚಿಕ್ಕವಳು, ನಮ್ಮ ವಕ್ತಾರೆಯಾದಳು. ಹೊರಗಿನವರೆಲ್ಲ ಕೊನೆಯಲ್ಲಿ ಎಲ್ವಿನಾ ಬದುಕುತ್ತಾಳೆ ಎನ್ನುತ್ತಿದ್ದರು. ಮೇಷ್ಟ್ರಿಗೆ ಅದಕ್ಕೂ ಉತ್ತರ ತಡವಾಗಲಿಲ್ಲ. ಅಮೆರಿಕದವರಿಗೆ ಅಳು ಒಗ್ಗುವುದಿಲ್ಲ, ಅವರಿಗಾಗಿ ಸಿಹಿ ಕೊನೆ ಅಂಟಿಸಿದರು. ನಮ್ಮ ಕಡೆಗೆ ಬಂದದ್ದೇ ಅಸಲಿ ಎಂದರು. ನಮಗೆ ಹೊರಗಿನವರ ಬಗ್ಗೆ ಕನಿಕರ ಹುಟ್ಟಿತು. ಒಬ್ಬ ಬ್ರೆಜಿಲ್‌ನವನೊಂದಿಗೆ ಸಲ್ವಾ ಒಂಬತ್ತು ವರ್ಷ ಜಗಳವಾಡಿದಳು. ಆಟದ ಚಿತ್ರಗಳನ್ನು ಕಳಿಸಿದವರಿಗೆ, ನಕಲಿ ಚಿತ್ರ ಮಾಡುವುದು ಯಾರಿಗೆ ಬರುವುದಿಲ್ಲ ಎಂದು ಬರೆದವನು ನಾನೇ.

ಈ ನಡುವೆ ಮೊಂಜಿಯ ಕಣ್ಣಿನೊಳಗಿನ ಒತ್ತಡ ಏರಿ, ನೋಟ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬಂತು. ಎಂಟು ವರ್ಷದ ಹಿಂದೆ ಅಂಗಡಿ ಮುಚ್ಚಿದ. ಈಗ ಬೆಳಕಿದೆಯೋ ಇಲ್ಲವೋ ಅಷ್ಟು ತಿಳಿಯುತ್ತದೆ. ದಿನಾ ಬೆಳಿಗ್ಗೆ ನನ್ನ ತೋಳು ಹಿಡಿದು ಕಾಫಿ ಅಂಗಡಿಗೆ ಬರುತ್ತಾನೆ.

ಕಳೆದ ವಸಂತದಲ್ಲಿ ಸಲ್ವಾ ಫೋನು ಹಿಡಿದುಕೊಂಡು ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಳು. ‘ಉಪ್ಪಿನ ದೀಪಸ್ತಂಭ’ ಮತ್ತೆ ಬರುತ್ತಿದೆ. ಮೂವತ್ತು ವರ್ಷದ ಮೇಲೆ ನಾಲ್ಕನೆಯ ಭಾಗ. ಜೊತೆಗೆ ಹಳೆಯ ಮೂರನ್ನೂ ಸರಿಪಡಿಸಿ, ತೆರೆಯ ಮೇಲೆ ಫ್ರೆಂಚಿನಲ್ಲೂ ಸಾಲು ಹಾಕಿ ಕೊಡುತ್ತಾರಂತೆ. ಮೇಜೆಲ್ಲ ಗದ್ದಲವಾಯಿತು. ಮೊಂಜಿ ಎಲ್ಲರಿಗೂ ಬಾದಾಮಿ ಹಾಕಿದ ಚಹಾ ಹೇಳಿದ. ಆಮೇಲೆ ಸಲ್ವಾ ಜಾಹೀರಾತಿನ ಚಿತ್ರ ತೋರಿಸಿದಳು. ಅದರಲ್ಲಿ ಕಾರ್ವೆಲ್‌ನ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆ ನರೆತಿದೆ, ಆದರೆ ಎಲ್ವಿನಾಳೇ.

“ಅಂದ್ರೆ ಅಮೆರಿಕದವರ ಕೊನೇನೇ ನಿಜ ಮಾಡ್ಬಿಟ್ರು,” ಎಂದಳು ಸಲ್ವಾ. “ಮೇಷ್ಟ್ರೇ, ಇದನ್ನ ಬಿಡಬಾರ್ದು.”

ನಾನು ಮೇಷ್ಟ್ರ ಕಡೆ ನೋಡಿದೆ. ಸಕ್ಕರೆ ಮುಟ್ಟದ ಮನುಷ್ಯ ಲೋಟಕ್ಕೆ ಮೂರು ಚಮಚ ಹಾಕಿ ಕಲಕುತ್ತಿದ್ದರು.

ಪ್ರತಿಭಟನೆಯ ಪತ್ರ ಬರೆಯುವುದೆಂದಾಯಿತು. ಇಂಗ್ಲಿಷಿನಲ್ಲಿ, ಮೇಷ್ಟ್ರ ಕೈಯಲ್ಲಿ. ಅವರು ಒಂದು ವಾರ ನೆಗಡಿ ಎಂದರು, ಇನ್ನೊಂದು ವಾರ ಪೆನ್ನಿಗೆ ಒಳ್ಳೆಯ ಶಾಯಿ ಸಿಗಲಿಲ್ಲ ಎಂದರು. ಮೂರನೆಯ ವಾರ ಸಲ್ವಾ ಕಾಗದ ತಂದು ಅವರ ಮುಂದೆ ಇಟ್ಟಳು. ನಾವು ಒಬ್ಬೊಬ್ಬರಾಗಿ ಹೇಳುವುದು, ಅವರು ಬರೆಯುವುದು. ನಾನು ಹೇಳಿದ್ದು, ಮೂಲವನ್ನು ತಿದ್ದುವುದು ನಮ್ಮ ದೇಶದಲ್ಲಿ ಅಪರಾಧ ಎಂದು. ಕೇಳಲು ಗಂಭೀರವಾಗಿತ್ತು. ಮೇಷ್ಟ್ರು ತಲೆಯೆತ್ತದೆ ಬರೆದುಕೊಂಡರು. ಮೊಂಜಿಯ ಸರದಿ ಬಂತು.

“ನನ್ನ ಹೆಸರಲ್ಲಿ ಹೀಗೆ ಬರಿ ಶಾದ್ಲಿ. ನನಗೀಗ ಕಣ್ಣಿಲ್ಲ. ನೋಡಿದ್ದೆಲ್ಲ ಒಂದೊಂದಾಗಿ ಅಳಿಸಿ ಹೋಗ್ತಿದೆ, ಹೆಂಡತಿ ಮುಖಾನೂ ಸರಿಯಾಗಿ ಬರಲ್ಲ. ಆದ್ರೆ ಆ ಮೆಟ್ಟಿಲು, ಬಾಗಿಲ ಸಂದಿಯಿಂದ ಬೆಂಕಿ ಏಳೋದು, ಅದು ಹಾಗೇ ಇದೆ. ನನ್ನ ಕಣ್ಣಾರೆ ನೋಡಿದೀನಿ. ಆಮೇಲೆ ನನ್ನ ಮೆಷಿನ್ ಕೈಕೊಡ್ತು, ಅದು ನನ್ನ ತಪ್ಪು. ಆದ್ರೆ ಬೆಂಕಿ ನೋಡಿದೀನಿ. ಅದನ್ನ ಸುಳ್ಳು ಅನ್ನೋಕೆ ಇವರು ಯಾರು ಅಂತ ಬರಿ.”

ಪೆನ್ನು ಓಡಲಿಲ್ಲ. ಬರೆದೆಯಾ ಎಂದು ಮೊಂಜಿ ಕೇಳಿದ. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

“ಮೊಂಜಿ, ನಿನ್ನ ಮೆಷಿನ್ ಕೆಟ್ಟಿರಲಿಲ್ಲ ಕಣೋ.”

ಯಾರಿಗೂ ಅರ್ಥವಾಗಲಿಲ್ಲ. ಅವರು ಮೇಜನ್ನು ನೋಡುತ್ತಲೇ ಎಲ್ಲ ಹೇಳಿದರು. ಅವತ್ತು ತೆರೆಯ ಮೇಲೆ ಇದ್ದದ್ದು, ಹನ್ನೊಂದನೆಯ ಫ್ಲಾಪಿ ಹಾಕಿ ಎಂಬ ಸಾಲು, ಸಂಖ್ಯೆಯೂ ಅಕ್ಷರದಲ್ಲೇ. ಹನ್ನೊಂದನೆಯದು ನಮಗೆ ಬಂದೇ ಇರಲಿಲ್ಲ. ನಾವು ಏಳೆಂಟು ಜನ ಬಾಯಿ ಬಿಟ್ಟುಕೊಂಡು ಅವರ ಮುಖ ನೋಡುತ್ತಿರುವಾಗ, ಕೊನೆ ನನಗೂ ಗೊತ್ತಿಲ್ಲ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಪತ್ರಿಕೆಯೂ ಇಲ್ಲ, ಬೆಂಕಿಯೂ ಇಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು.

ಮೊದಲು ಮಾತಾಡಿದವಳು ಸಲ್ವಾ. “ಆ ಬ್ರೆಜಿಲ್‌ನವನಿಗೆ ಈಗ ನಾನು ಏನಂತ ಬರೀಲಿ ಮೇಷ್ಟ್ರೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಮೊಂಜಿ ಲೋಟದ ಅಂಚಿನ ಮೇಲೆ ಬೆರಳಾಡಿಸುತ್ತಿದ್ದ. “ಮೂರು ಸಲ ಬಿಚ್ಚಿದೆ ಅದನ್ನ,” ಎಂದ. “ನಂಗೆ ಕೆಲಸ ಬರಲ್ಲ ಅಂದ್ಕೊಂಡೆ. ಆಮೇಲೆ ಯಾರ ಕಂಪ್ಯೂಟರೂ ರಿಪೇರಿಗೆ ತಗೊಳ್ಳಲಿಲ್ಲ.” ಆಮೇಲೆ, “ಆಗಸ್ಟ್‌ನಲ್ಲಿ ಲಿಯಾನ್‌ನಿಂದ ಫ್ಲಾಪಿ ಬರ್ತಿತ್ತು ಶಾದ್ಲಿ. ಅವಾಗ ನಂಗೆ ಕಣ್ಣಿತ್ತು,” ಎಂದು ನನ್ನ ತೋಳಿಗಾಗಿ ಕೈ ಚಾಚಿದ.

ಅವನು ಕಾಫಿ ಅಂಗಡಿಗೆ ಬರುವುದನ್ನು ಬಿಟ್ಟ. ಮೇಷ್ಟ್ರು ಬರುತ್ತಿದ್ದರು, ಆದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಮಾಣಿ ಹಳೆಯ ಕುರ್ಚಿಯ ಮೇಲೆ ತಟ್ಟೆ ಇಡುವುದನ್ನು ಮುಂದುವರಿಸಿದ್ದ. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಏನೇ ಕೇಳಿದರೂ ಈಗ ಮೇಷ್ಟ್ರು ಯೋಚಿಸುತ್ತಿದ್ದರು. ಹವೆ ಹೇಗಿದೆ ಎಂದರೂ.

ಆಟ ಬಿಡುಗಡೆಯಾದ ವಾರ ಮೊಂಜಿ ನನ್ನನ್ನು ಕರೆಸಿದ. ಹೊಸದು ಬೇಡವಂತೆ. ಹಳೆಯ ಮೂರನೆಯ ಭಾಗದ ಕೊನೆ ಸಾಕಂತೆ.

“ಓದೋಕೆ ಶಾದ್ಲಿನೇ ಬರ್ಲಿ. ಬೇರೆಯವರ ಬಾಯಲ್ಲಿ ಎಲ್ವಿನಾ ನಂಗೆ ಗುರುತು ಸಿಗಲ್ಲ. ಆದ್ರೆ ನೀನು ಪಕ್ಕದಲ್ಲಿ ಕೂತಿರ್ಬೇಕು ಲಮೀನ್. ಮೂಲ ನೋಡಿ ಹೇಳ್ಬೇಕು.”

ಭಾನುವಾರ ಊಟ ಮುಗಿಸಿ ನಾನೂ ಮೇಷ್ಟ್ರೂ ಅವನ ಮನೆಗೆ ಹೋದೆವು. ಸಲ್ವಾ ತನ್ನ ಲ್ಯಾಪ್‌ಟಾಪ್‌ನಲ್ಲಿ ಮೆಟ್ಟಿಲಿನ ತನಕ ಆಡಿ ಕೊಟ್ಟಿದ್ದಳು. ಮೊಂಜಿಯ ಹೆಂಡತಿ ಚಹಾ ಇಟ್ಟು ಒಳಗೆ ಹೋದಳು. ಮೇಷ್ಟ್ರು ಮೌಸ್ ಹಿಡಿದರು, ನಾನು ಅವರ ಹೆಗಲ ಪಕ್ಕ, ತೆರೆಯ ಮೇಲಿನ ಫ್ರೆಂಚ್ ಸಾಲುಗಳಿಗೆ ಮುಖ ಕೊಟ್ಟು. ಮೇಷ್ಟ್ರು ಓದಿದರು, ಬಿರುಗಾಳಿ ಎದ್ದಿದೆ, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ಮೊಂಜಿ ನನ್ನ ಕಡೆ ಮುಖ ತಿರುಗಿಸಿ, “ಲಮೀನ್?” ಎಂದ. “ಇದೆ,” ಎಂದೆ. ಇನ್ನೊಂದು ಸಾಲು. “ಲಮೀನ್?” “ಇದೆ.” ಪ್ರತಿ ಸಾಲಿಗೂ ಹಾಗೆ. ಮೇಷ್ಟ್ರ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಇಡೀ ಆಯುಸ್ಸು ನಗರಸಭೆಯ ಕಿಟಕಿಯಲ್ಲಿ ಕೂತು ನಾನು ಒತ್ತಿದ ಮೊಹರುಗಳಲ್ಲಿ ಯಾವುದೂ ಇಷ್ಟು ಭಾರವಿರಲಿಲ್ಲ.

ಬಾಗಿಲು ತೆರೆಯಲಿಲ್ಲ. ಚೀಲದಲ್ಲಿದ್ದ ಹಗ್ಗ, ಕತ್ತಿ, ಕೀಲಿಗೊಂಚಲು, ಯಾವುದಕ್ಕೂ ಬಗ್ಗಲಿಲ್ಲ. ಕಡೆಗೆ ಮೇಷ್ಟ್ರು ಹಿತ್ತಾಳೆ ಸೀಟಿಯ ಮೇಲೆ ಒತ್ತಿದರು. ತೆಳ್ಳಗಿನ ದನಿ, ಸ್ವಲ್ಪ ಒಡಕು.

ಮೊಂಜಿ ನನ್ನನ್ನು ಕೇಳಲಿಲ್ಲ. ಮುಂದಕ್ಕೆ ಬಾಗಿದ್ದ. “ಇನ್ನೊಂದ್ಸಲ ಊದು,” ಎಂದ. ಮೇಷ್ಟ್ರು ಇನ್ನೊಂದು ಸಲ ಊದಿಸಿದರು. ಅಗಳಿ ಸರಿದ ಸದ್ದು ಕೇಳಿತು.

ಎಲ್ವಿನಾ ಹೊರಗೆ ಬಂದಳು. ಮೇಷ್ಟ್ರು ಅವಳ ಮಾತನ್ನು ಸೋದರತ್ತೆಯ ಗದರಿಕೆಯಲ್ಲೇ ಶುರು ಮಾಡಿದರು, ಆದರೆ ನಡುವೆಯೇ ದನಿ ಸಣ್ಣದಾಯಿತು: “ಇಷ್ಟು ತಡ ಯಾಕೆ ಮಾಡಿದೆ? ಸೀಟಿ ಮೊದಲಿಂದ ನಿನ್ನ ಹತ್ರಾನೇ ಇತ್ತಲ್ಲ.”

“ಲಮೀನ್?”

“ಇದೆ. ಹಾಗೇ ಇದೆ.”

ಮೊಂಜಿ ಬೆನ್ನು ಒರಗಿಸಿ ಕೂತ. ಬೆಂಕಿಯೇ ಚೆನ್ನಾಗಿತ್ತು ಎಂದ. ನೀನೇ ಕಟ್ಟಿದ್ದು ಅಂತ ಅವತ್ತೇ ಹೇಳಿದ್ದರೆ ಅದನ್ನೂ ಇಟ್ಟುಕೊಂಡಿರುತ್ತಿದ್ದೆ, ಇದನ್ನೂ ನೋಡಿರುತ್ತಿದ್ದೆ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಆಮೇಲೆ ಕೇಳಿದ, “ಆ ಬಾಗಿಲು ಯಾವ ಬಣ್ಣ ಶಾದ್ಲಿ?”

ಮೇಷ್ಟ್ರು ಬಾಯಿ ತೆರೆದರು. ಮುಚ್ಚಿದರು. “ಇರು, ನೋಡಿ ಹೇಳ್ತೀನಿ,” ಎಂದು ಕನ್ನಡಕ ಏರಿಸಿಕೊಂಡು ತೆರೆಗೆ ಬಗ್ಗಿದರು. “ಹಸಿರು. ಹಳೇ ಹಸಿರು. ಕೆಳಗಡೆ ಬಣ್ಣ ಎದ್ದಿದೆ.”

ಮೊಂಜಿಯ ಮುಖ ನನ್ನ ಕಡೆ ತಿರುಗಿತು. ಮೇಷ್ಟ್ರದೂ.

“ಹಸಿರೇ,” ಎಂದೆ.