ವರನಿಗೆ ಟವೆಲ್ ಹಾಕಿದ್ದು

ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಬಿ.ಕಾಂ. ಮುಗಿಸಿ, ಶೆಟ್ಟಿಹಳ್ಳಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕೀಲಿಮಣೆ ಕುಟ್ಟಿದವಳು, ಅಷ್ಟೇ. ಆದರೂ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರಿನ ಕಂಪ್ಯೂಟರುಗಳನ್ನು ಒಂದೇ ಡಬ್ಬಕ್ಕೆ ಕಟ್ಟಿ ವರ್ಷಗಟ್ಟಲೆ ನಡೆಸಿದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಯಾಕೆ ಹೇಳಬಾರದು?

ನನಗೆ ಕೆಲಸ ಕೊಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ತುಮಕೂರಿನಲ್ಲಿ ತಮ್ಮ ಮನೆಯ ಮುಂದಿನ ಕೋಣೆಗಳಲ್ಲಿ ವಧು-ವರರ ಕೇಂದ್ರ ನಡೆಸುತ್ತಿದ್ದರು. ಗುಬ್ಬಿಯ ಶಾಖೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ನಾವೆಲ್ಲ ಗುಬ್ಬಿ ಅಕ್ಕ ಅನ್ನುತ್ತಿದ್ದೆವು. ಆಕೆ ಬಾಯಿ ಬಿಟ್ಟರೆ ಫೋನೇ ಬೇಕಿರಲಿಲ್ಲ, ತುಮಕೂರಿಗೆ ಹಾಗೇ ಕೇಳಿಸುತ್ತಿತ್ತು. ಕುಣಿಗಲ್ಲಿನ ಶಾಖೆ ಒಬ್ಬ ಜೆರಾಕ್ಸ್ ಅಂಗಡಿಯ ಅಣ್ಣನದು. ಅವರು ಅರ್ಧ ಮಾತಾಡಿ ಉಳಿದರ್ಧವನ್ನು ನುಂಗುವ ಜಾತಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದಾಗ ಮೂರು ಊರಿಗೂ ಮೂರು ಕಂಪ್ಯೂಟರ್, ಮೂರರಲ್ಲೂ ಬೇರೆ ಬೇರೆ ಹುಡುಗ-ಹುಡುಗಿಯರು. ಹೊಸ ಬಯೋಡೇಟಾಗಳು ಫ್ಲಾಪಿಯಲ್ಲಿ ಕೂತು ಬಸ್ಸಿನಲ್ಲಿ ಓಡಾಡುತ್ತಿದ್ದವು. ಗುಬ್ಬಿಯಲ್ಲಿ ಮದುವೆಯಾದವನ ಫೋಟೋವನ್ನು ಕುಣಿಗಲ್ಲಿನಲ್ಲಿ ಇನ್ನೂ ತೋರಿಸುತ್ತಿದ್ದರು. ಒಮ್ಮೆಯಂತೂ ಹೆಣ್ಣಿನ ಕಡೆಯವರು ಹಣ್ಣು-ಹೂವು ಹಿಡಿದು ಅಂಥವನೊಬ್ಬನ ಮನೆಗೇ ಹೋಗಿ, ಬಾಗಿಲು ತೆಗೆದ ಅವನ ಹೆಂಡತಿಯ ಕೈಲಿ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡು ಬಂದರು. ಮೇಷ್ಟ್ರಿಗೆ ಒಂದು ವಾರ ಊಟ ಸೇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮೂರೂ ಊರಿಗೆ ಬ್ರಾಡ್‌ಬ್ಯಾಂಡ್ ಬಂತು. ಆಗ ನಾನೇ ಮೇಷ್ಟ್ರನ್ನು ಪೀಡಿಸಿ, ಮೂರೂ ಊರಿನ ಬಯೋಡೇಟಾಗಳನ್ನು ಒಂದೇ ಕಡೆ ಇಡುವ ನೆಟ್‌ವರ್ಕ್ ಸ್ಟೋರೇಜ್ ತರಿಸಿದೆ. ನೋಡಲು ಹಪ್ಪಳದ ಡಬ್ಬದಷ್ಟು. ಒಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ, ಒಂದು ಸತ್ತರೂ ಇನ್ನೊಂದು ಕಾಯುತ್ತದೆ. ಅಂಗಡಿಯವರು ಪ್ಲಗ್ ಚುಚ್ಚಿ, ದೀಪ ಹತ್ತಿತಲ್ಲ ಅಂತ ಹೊರಟುಹೋದರು. ಉಳಿದದ್ದೆಲ್ಲ ನಾನೇ ಮಾಡಿದ್ದು. ಯಾರು ನೋಡಬಹುದು, ಯಾರು ತಿದ್ದಬಹುದು, ದಿನದ ಕಾಪಿ ಎಲ್ಲಿಗೆ ಹೋಗಬೇಕು ಎಲ್ಲವನ್ನೂ ಕುಸ್ತಿಯಾಡಿ ಕಲಿತೆ. ಇಬ್ಬರು ಒಂದೇ ಬಯೋಡೇಟಾ ತಿದ್ದಲು ಹೋಗಿ ಒಬ್ಬರದನ್ನೊಬ್ಬರು ಅಳಿಸುತ್ತಿದ್ದರು. ಅದಕ್ಕೆ ಒಂದು ಬೀಗವನ್ನೂ ಇಟ್ಟೆ: ಒಬ್ಬರು ತೆರೆದರೆ, ಅವರು ಮುಚ್ಚುವ ತನಕ ಇನ್ನೊಬ್ಬರಿಗೆ ಅದು ತೆರೆಯದು.

ಕುಣಿಗಲ್ಲಿನ ಕಡೆಯಿಂದ ಒಬ್ಬಳು ನರ್ಸ್ ಹೆಸರು ಕೊಟ್ಟಿದ್ದಳು. ಮೂವತ್ತು ದಾಟಿತ್ತು. ಅವರಮ್ಮ ಬೇಡ ಬೇಡ ಅಂದರೂ ಬಯೋಡೇಟಾದ ಮೊದಲ ಸಾಲನ್ನು ತಾನೇ ಹೇಳಿ ಬರೆಸಿದ್ದಳು: ‘ಎಡಗಾಲಿಗೆ ಪೋಲಿಯೊ ಆಗಿದೆ, ಕುಂಟಿಕೊಂಡು ನಡೆಯುತ್ತೇನೆ, ವಾರ್ಡಿನಲ್ಲಿ ಯಾರಿಗೂ ಕಮ್ಮಿಯಿಲ್ಲದಂತೆ ದುಡಿಯುತ್ತೇನೆ.’ ಅಷ್ಟು ಓದಿದ ಮೇಲೂ ಜನ ಬರುವುದು, ಉಪ್ಪಿಟ್ಟು ತಿನ್ನುವುದು, ಅವಳನ್ನು ಒಳಗಿಂದ ಹೊರಗೆ ಎರಡೆರಡು ಸಲ ನಡೆಸುವುದು, ಎದ್ದು ಹೋಗುವುದು. ಕೊನೆಗೆ ಅವಳು ಅಣ್ಣನ ಅಂಗಡಿಗೆ ಬಂದು ಹೇಳಿದಳಂತೆ, “ಅಣ್ಣಾ, ಈ ಭಾನುವಾರ ಒಂದ್ಸಲ ಬರ್ತೀನಿ. ಸರಿಯಾದ್ದೊಂದಿದ್ರೆ ತೋರ್ಸಿ. ಇಲ್ದಿದ್ರೆ ನನ್ ಫೋಟೋ ತೆಗೆದ್ಬಿಡಿ. ಸಾಕಾಗೋಯ್ತು.”

ಅದೇ ವಾರ ಡಬ್ಬಕ್ಕೆ ಗುಬ್ಬಿಯ ಒಬ್ಬ ಹುಡುಗ ಬಂದಿದ್ದ. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ‘ದುಡಿಯುವ ಹೆಣ್ಣಾದರೆ ಸಂತೋಷ. ಎದುರಿಗೆ ಕೂತು ನೇರವಾಗಿ ಮಾತಾಡಬೇಕು. ಬೇರೇನೂ ಬೇಡ’ ಎಂದು ಬರೆಸಿದ್ದ. ದಿನದ ಕಾಪಿ ಪರೀಕ್ಷಿಸುವಾಗ ನನ್ನ ಕಣ್ಣಿಗೆ ಬಿತ್ತು. ತಕ್ಷಣ ಕುಣಿಗಲ್ಲಿಗೆ ಫೋನ್ ಮಾಡಿದೆ. ಮಾರನೇ ದಿನ ಅಣ್ಣನ ಫೋನ್ ಬಂತು: “ಬೆಳಿಗ್ಗೆಯಿಂದ ಬಳಕೆಯಲ್ಲಿದೆ ಅಂತ್ಲೇ ತೋರಿಸ್ತಾ ಐತೆ ಕಣಮ್ಮ.” ಅದರ ಮಾರನೇ ದಿನವೂ ಅದೇ ಮಾತು. ಲೈನಿನ ತೊಂದರೆ ಇರಬೇಕೆಂದು ನಾನು ಟೆಲಿಫೋನಿನವರನ್ನು ಸುಮ್ಮನೆ ಬೈದೆ.

ಶನಿವಾರ ಅನುಮಾನ ಬಂದು, ಯಾರು ಏನೇನು ತೆರೆದಿಟ್ಟಿದ್ದಾರೆ ಎಂದು ತೆಗೆದು ನೋಡಿದರೆ, ಅಯ್ಯೋ ದೇವರೇ! ಆ ಹುಡುಗ ಒಬ್ಬನೇ ಅಲ್ಲ, ನಮ್ಮಲ್ಲಿದ್ದ ಒಳ್ಳೊಳ್ಳೆ ಗಂಡುಗಳಷ್ಟನ್ನೂ ಗುಬ್ಬಿಯವರು ಬೆಳಿಗ್ಗೆಯೇ ತೆರೆದು ಕೂತಿದ್ದಾರೆ. ಫೋನ್ ಮಾಡಿ, ಏನಕ್ಕಾ ಇದು ಅಂದೆ. ಅಕ್ಕನಿಗೆ ಒಂದಿಷ್ಟೂ ಅಳುಕಿಲ್ಲ.

“ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಲ್ವಾ? ಹಂಗೇ ಕಣೇ. ನನ್ ಕಡೆ ಹೆಣ್ಮಕ್ಳೂ ಕಾಯ್ತಾ ಅವ್ರೆ. ಅವ್ನು ಗುಬ್ಬಿಯೋನು.”

“ಟವೆಲ್ ಹಾಕಿ ಊಟಕ್ಕೋದ್ರೆ ಬಸ್ಸು ನಿಂತಿರುತ್ತೇನಕ್ಕಾ? ಕುಣಿಗಲ್ಲಿನೋರು ಏನ್ ಫುಟ್‌ಬೋರ್ಡಲ್ಲಿ ನೇತಾಡ್ಬೇಕಾ?”

“ನೇತಾಡ್ಲಿ, ನಂಗೇನು!” ಫೋನ್ ಕುಕ್ಕಿದರು.

ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಗುಬ್ಬಿ ಅಕ್ಕ ಮುನಿಸಿಕೊಂಡು ಶಾಖೆ ಮುಚ್ಚಿಬಿಟ್ಟರೆ ಎಂಬ ಭಯ ಅವರಿಗೆ. “ಜಗಳ ಬೇಡಮ್ಮ, ಸೋಮವಾರ ಕೂತು ಮಾತಾಡೋಣ” ಅಂದರು. ಸೋಮವಾರ ಮಾತಾಡಿ ಯಾವ ಪುರುಷಾರ್ಥಕ್ಕೆ? ಭಾನುವಾರ ಆ ಹುಡುಗಿ ಫೋಟೋ ಕಿತ್ತುಕೊಂಡು ಹೋಗುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಮಧ್ಯಾಹ್ನ ಮೇಷ್ಟ್ರು ಮಲಗಲು ಒಳಗೆ ಹೋದದ್ದೇ ತಡ, ಬೀಗದ ನಿಯಮವನ್ನೇ ಬದಲಾಯಿಸಿದೆ. ನೋಡುವುದು ಎಲ್ಲರಿಗೂ ಯಾವಾಗಲೂ ಮುಕ್ತ. ತಿದ್ದುವುದು ಮಾತ್ರ ಒಬ್ಬರಿಗೆ. ಸ್ವಲ್ಪ ಹೊತ್ತು ಕೈ ಆಡಿಸದೆ ಕೂತರೆ ಆ ಹಕ್ಕನ್ನೂ ಡಬ್ಬ ತಾನಾಗಿ ಕಿತ್ತುಕೊಳ್ಳುತ್ತದೆ. ಟವೆಲ್ಲುಗಳೆಲ್ಲ ಕಿಟಕಿಯಿಂದಾಚೆ. ಸಂಜೆ ಕಾಫಿ ಕುಡಿಯುವಾಗ ಮೇಷ್ಟ್ರಿಗೆ ತಿಳಿಸಿದೆ. ಅವರು ಮತ್ತೆ ಕನ್ನಡಕ ತೆಗೆದು ಒರೆಸಿದರು.

ಭಾನುವಾರ ಬೆಳಿಗ್ಗೆ ರಜೆಯಾದರೂ ಹೋಗಿ ಸ್ಕ್ರೀನಿನ ಮುಂದೆ ಕೂತೆ. ಬಹಳ ಹೊತ್ತಾದ ಮೇಲೆ ವೈಂಡಿಂಗ್ ಹುಡುಗನ ಬಯೋಡೇಟಾದ ಪಕ್ಕ ‘ಕುಣಿಗಲ್’ ಎಂದು ಮೂಡಿತು. ಮೂಡಿದ್ದು ಹೋಗಲೇ ಇಲ್ಲ. ತಡೆಯಲಾರದೆ ಫೋನ್ ಮಾಡಿದರೆ ಅಣ್ಣ ಪಿಸುಗುಟ್ಟಿದರು: “ಎರಡ್ನೇ ಸಲ ಓದ್ತಾ ಕೂತವ್ಳೆ. ಫೋಟೋ ತೆಗೀರಿ ಅಂತ ಇನ್ನೂ ಅಂದಿಲ್ಲ.” ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಒಬ್ಬಳೇ ಎದ್ದು ಕೋಣೆಯಲ್ಲಿ ಓಡಾಡಿದೆ.

ಸೋಮವಾರ ಗುಬ್ಬಿ ಅಕ್ಕ ಮೊದಲ ಬಸ್ಸಿಗೇ ಬಂದಿಳಿದರು. ಗೇಟಿನಿಂದಲೇ ಶುರು: “ಏನೇ, ನನ್ ಕೈ ಕೆಳ್ಗಿಂದ ಗಂಡುಗಳನ್ನ ಎಳ್ಕೊಂಡ್ಯಾ?” ನಾನೂ ಬಿಡಲಿಲ್ಲ. ಇಬ್ಬರೂ ಗಂಟಲು ಒಣಗುವವರೆಗೆ ಕಿತ್ತಾಡಿದೆವು. ಆಮೇಲೆ ಕೈ ಹಿಡಿದು ಕೂರಿಸಿ, ನರ್ಸಿನ ಬಯೋಡೇಟಾ ತೆರೆದು ಮುಂದಿಟ್ಟೆ. ಕುಣಿಗಲ್ಲಿನ ಹೆಣ್ಣುಗಳನ್ನು ಅಕ್ಕ ಅಷ್ಟು ದಿನ ತೆರೆದೇ ನೋಡಿರಲಿಲ್ಲ. ಮೊದಲ ಸಾಲಿನ ಮೇಲೆ ಆಕೆ ಬೆರಳಿಟ್ಟರು.

“ಇದ್ನ ಯಾರ್ ಬರ್ಸಿದ್ದು?”

“ಅವ್ಳೇ.”

“ಇಂಥೋಳು ನಮ್ ಡಬ್ಬದಲ್ಲೇ ಇದ್ಲಾ?” ಅಂದವರು ಸೆರಗಿನಿಂದ ಮುಖ ಒರೆಸಿಕೊಂಡು, ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದರು. ಮಧ್ಯಾಹ್ನ ಹುಡುಗನ ಅಂಗಡಿಗೆ ಹೋಗಿ ಮಾತಾಡಿದವರು ಆಕೆಯೇ. ಮುಂದಿನ ವಾರ ಅವನನ್ನೂ ಅವನ ತಾಯಿಯನ್ನೂ ಕುಣಿಗಲ್ಲಿಗೆ ಕರೆದುಕೊಂಡು ಹೋದವರೂ ಆಕೆಯೇ. ಈ ಸಲ ಅವಳನ್ನು ಯಾರೂ ನಡೆಸಿ ನೋಡಲಿಲ್ಲವಂತೆ. ಹುಡುಗ ಎದುರಿಗೆ ಕೂತು ಆಸ್ಪತ್ರೆಯ ಶಿಫ್ಟುಗಳ ಬಗ್ಗೆ ಕೇಳಿದನಂತೆ.

ಮಾರನೇ ದಿನ ಅವಳೇ ನನಗೆ ಫೋನ್ ಮಾಡಿದಳು. ದನಿಯಲ್ಲಿ ನಗುವಿತ್ತು. “ಅಕ್ಕಾ, ಅವ್ರು ಒಪ್ಪವ್ರೆ. ನಾನಿನ್ನೂ ಒಪ್ಪಿಲ್ಲ. ಯೋಚ್ನೆ ಮಾಡೋಕೆ ಟೈಮ್ ಬೇಕು ಅಂದೆ. ಇಷ್ಟು ವರ್ಷಕ್ಕೆ ಇದೇ ಮೊದಲ್ನೇ ಸಲ ಕಣಕ್ಕಾ, ನಾನ್ ಹಿಂಗಂದಿದ್ದು.”

ಎಷ್ಟು ಬೇಕೋ ಅಷ್ಟು ಟೈಮ್ ತಗೋಮ್ಮ ಅಂದೆ. ಫೋನ್ ಇಟ್ಟದ್ದೇ ತಡ, ಗುಬ್ಬಿಯಿಂದ ಇನ್ನೊಂದು ಬಂತು.

“ಏನಂತೆ ಹುಡ್ಗಿ? ಇವ್ನು ಬೆಳಿಗ್ಗೆಯಿಂದ ಅಂಗಡಿ ತೆಗೀದೆ ಇಲ್ಲೇ ಕೂತವ್ನೆ.”

“ಯೋಚ್ನೆ ಮಾಡಿ ಹೇಳ್ತಾಳಂತೆ ಅಕ್ಕಾ.”

ಅಕ್ಕ ಹುಡುಗನ ಕಡೆ ತಿರುಗಿ, ನನಗೂ ಕೇಳಿಸುವಷ್ಟು ಜೋರಾಗಿ ಅಂದರು: “ಮನೆಗೋಗಪ್ಪ. ಹುಡ್ಗಿ ಯೋಚ್ನೆ ಮಾಡ್ತಾ ಅವ್ಳೆ. ನಿಧಾನಕ್ಕೆ ಮಾಡ್ಲಿ ಬುಡು.”