ಸಂಕ ದಾಟಿದ ಪಟಾಲಂ ಅಜ್ಜ

ಮಕ್ಕಳೇ, ಮೊನ್ನೆ ನಿಮ್ಮ ಅಮ್ಮ ದೀಪ ತಿಕ್ಕಲು ಬಿಂಬುಳಿ ಕಾಯಿ ಜಜ್ಜಿದಾಗ ಆ ಹುಳಿ ವಾಸನೆ ಜಗಲಿಯವರೆಗೂ ಬಂತು. ನನಗೆ ಕಟಪಾಡಿ ಹತ್ತಿರದ ತವರಿನ ಬೇಲಿ ನೆನಪಾಯಿತು. ಬೇಲಿಯಾಚೆಯ ಕೊಂಕಣಿ ಕ್ರೈಸ್ತರ ಮನೆಯ ಅಜ್ಜ ನಮ್ಮ ಮರದಿಂದಲೇ ಬಿಂಬುಳಿ ಕೊಯ್ದು ತಮ್ಮ ಖಾಕಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ತಿಕ್ಕುತ್ತಿದ್ದರು. ಕೋಟು ಮೊಣಕೈಯಲ್ಲಿ ಹರಿದಿತ್ತು. ಗುಂಡಿಗಳು ಮಾತ್ರ ಫಳಫಳ...

ನಾವು ಮಕ್ಕಳು ಅವರನ್ನು ಪಟಾಲಂ ಅಜ್ಜ ಎಂದು ಕರೆಯುತ್ತಿದ್ದೆವು. ಎರಡು ಮಹಾಯುದ್ಧಗಳಲ್ಲಿಯೂ ಸಿಪಾಯಿಯಾಗಿದ್ದವರು. ಆದರೆ ಕೋವಿ ಹಿಡಿದದ್ದು ಕಡಿಮೆ. ಮೊದಲ ಸಲ ಬಸ್ರಾದ ಕಡೆ, ಎರಡನೆಯ ಸಲ ಬರ್ಮಾದ ಕಾಡಿನಲ್ಲಿ, ಸಾಮಾನು ಹೊರುವ ಹೇಸರಗತ್ತೆಗಳನ್ನು ನಡೆಸುವುದು ಅವರ ಕೆಲಸ. ಎರಡನೆಯ ಯುದ್ಧದ ಹೊತ್ತಿಗೆ ಪ್ರಾಯ ಮೀರಿತ್ತು. ತಲೆಗೆ ಮಸಿ ಬಳಿದುಕೊಂಡು ಹೋಗಿ ಸೇರಿದರಂತೆ. ಯಾಕೆಂದು ಯಾರಾದರೂ ಕೇಳಿದರೆ, “ಕತ್ತೆಗಳ ನೆನಪಾಯಿತು ಮಾರಾಯ” ಎಂದು ನಗುತ್ತಿದ್ದರು.

“ಹೌದೌದು, ಸಂಬಂಧಿಕರಲ್ವಾ!” ಎಂದು ಒಳಗಿನಿಂದ ಅವರ ಹೆಂಡತಿಯ ಉತ್ತರ.

ಐದನೆಯ ತರಗತಿಗೆ ನಾನು ತೋಡಿನ, ಅಂದರೆ ಹಳ್ಳದ, ಆಚೆಯ ಶಾಲೆಗೆ ಹೋಗಬೇಕಾಯಿತು. ತೋಡು ದಾಟಲು ಇದ್ದದ್ದು ಒಂದು ಸಂಕ, ಎರಡು ತೆಂಗಿನ ಮರ ಅಡ್ಡ ಹಾಕಿದ್ದು. ಸುತ್ತಿ ಹೋದರೆ ಎರಡು ಪಾಠ ತಪ್ಪುತ್ತಿತ್ತು. ಮಳೆಗೆ ಕೆಳಗೆ ಕೆಂಪು ನೀರು ಭರ್ರೆಂದು ಓಡುತ್ತಿತ್ತು. ಬೇರೆ ಮಕ್ಕಳು ಓಡಿಕೊಂಡೇ ದಾಟಿದರು. ನಾನು ಎರಡು ದಿನ ಅರ್ಧ ಹೆಜ್ಜೆಯಿಟ್ಟು, ಅಳುತ್ತಾ ಮನೆಗೆ ಬಂದೆ.

“ನಾಳೆಯೂ ವಾಪಸು ಬಂದರೆ ಶಾಲೆ ಸಾಕು. ಅಕ್ಕನ ಜೊತೆ ಕೂತು ಬೀಡಿ ಕಟ್ಟು” ಎಂದರು ಅಪ್ಪ.

ಅಪ್ಪ ಒಮ್ಮೆ ಹೇಳಿದರೆ ಮುಗಿಯಿತು. ನನಗೋ ಓದುವ ಆಸೆ ಬಹಳ.

ಮರುದಿನ ಬೆಳಿಗ್ಗೆ ಸಂಕದ ಬಳಿ ಪಟಾಲಂ ಅಜ್ಜ ಕೋಟು ಹಾಕಿಕೊಂಡು ನಿಂತಿದ್ದರು.

“ನನಗೂ ಆಚೆ ಹೋಗಲಿಕ್ಕುಂಟು. ನೀನು ಮುಂದೆ ನಡೆ.”

“ನೀವೇ ಮುಂದೆ ಹೋಗಿ ಅಜ್ಜ.”

“ನನಗೆ ಹೆದರಿಕೆ ಮಗಾ. ಈಜಲಿಕ್ಕೆ ಬರುವುದಿಲ್ಲ. ಎರಡು ಯುದ್ಧದಲ್ಲಿಯೂ ಹೊಳೆ ದಾಟಿದ್ದು ಕತ್ತೆಯ ಬಾಲ ಹಿಡಿದು.”

ಅಳು ಬರುತ್ತಿದ್ದವಳಿಗೆ ನಗು ಬಂತು. “ಹಾಗಾದರೆ ನಾನು ಕತ್ತೆಯಾ?”

“ಒಳ್ಳೆಯ ಕತ್ತೆ. ಕತ್ತೆ ನೀರು ನೋಡುವುದಿಲ್ಲ, ಆಚೆಯ ಹುಲ್ಲು ನೋಡುತ್ತದೆ” ಎಂದು ನನ್ನ ಜಡೆಯ ತುದಿ ಹಿಡಿದರು.

ಹೆದರಿಕೆಯ ಮಾತು ಸುಳ್ಳು, ನನ್ನನ್ನು ನಗಿಸಲು ಹೇಳಿದ್ದು ಎಂದುಕೊಂಡಿದ್ದೆ. ಆದರೆ ಸಂಕದ ನಡುವೆ ಬಂದಾಗ ಜಡೆ ನಡುಗತೊಡಗಿತು. ಹಿಂದಿನಿಂದ ಕೊಂಕಣಿಯಲ್ಲಿ ಪ್ರಾರ್ಥನೆ ಕೇಳಿಸಿತು. ನಾನು ನಿಂತರೆ ಅಜ್ಜ ಬೀಳುತ್ತಾರೆ! ಹುಲ್ಲನ್ನೇ ನೋಡುತ್ತಾ ನಡೆದೆ. “ಇನ್ನು ನಾಲ್ಕೇ ಹೆಜ್ಜೆ ಅಜ್ಜ, ಹೆದರಬೇಡಿ” ಎಂದೆ. ದೊಡ್ಡವರೊಬ್ಬರಿಗೆ ನಾನು ಧೈರ್ಯ ಹೇಳಿದ್ದು ಅದೇ ಮೊದಲು. ಆಚೆ ನಿಂತಿದ್ದ ಮಕ್ಕಳು “ಕತ್ತೆ ಬಂತು, ಕತ್ತೆ ಬಂತು!” ಎಂದು ಕುಣಿದರು. ನಾನೂ ಅವರ ಜೊತೆ ಕುಣಿದೆ.

ವಾಪಸು ಬರಲು ಅಜ್ಜನಿಗೆ ಕತ್ತೆ ಇರಲಿಲ್ಲವಲ್ಲ... ಮಳೆಯಲ್ಲಿ ಎರಡು ಮೈಲಿ ಸುತ್ತಿ ಮನೆಗೆ ಬಂದರಂತೆ. “ಎರಡು ಯುದ್ಧ ಮಾಡಿದವರು ಬಂದರು ನೋಡಿ, ಒದ್ದೆ ಕೋಳಿ!” ಎಂದು ಹೆಂಡತಿ ಬಯ್ದದ್ದು ನಮ್ಮ ಅಂಗಳಕ್ಕೂ ಕೇಳಿಸಿತೆಂದು ಅಮ್ಮ ಹೇಳಿದರು. ಆ ವಾರವಿಡೀ ಹಾಗೆಯೇ ನಡೆಯಿತು. ಆಚೆ ಅವರಿಗೆ ಯಾವ ಕೆಲಸವೂ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ಸಮಯದ ನಂತರ.

ಏಳನೆಯ ತರಗತಿ ಪಾಸು ಮಾಡಿದೆ. ಅಷ್ಟೇ ನನ್ನ ಓದು. ಮದುವೆಯಾಗಿ ಕಾರ್ಕಳಕ್ಕೆ ಬಂದ ಮೇಲೆ ಅಜ್ಜ ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ತಿಂಗಳು ಕಳೆದಿತ್ತು. ಅವರ ಮನೆಯವರು ಜಾಗ ಮಾರಿ ಎಲ್ಲಿಗೋ ಹೋದರು.

ನಿನ್ನೆ ತವರಿಗೆ ಹೋದಾಗ ಅಜ್ಜನನ್ನು ಮಣ್ಣು ಮಾಡಿದ ಇಗರ್ಜಿಯ, ಅಂದರೆ ಚರ್ಚಿನ, ಸ್ಮಶಾನಕ್ಕೆ ಒಬ್ಬಳೇ ಹೋದೆ. ಕಲ್ಲುಗಳ ಮೇಲೆ ಕೊಂಕಣಿಯವರ ಹೆಸರುಗಳು, ನಮ್ಮ ಕನ್ನಡ ಅಕ್ಷರದಲ್ಲಿ. ಅಲ್ಲಿ ನಿಂತ ಮೇಲೆ ಹೊಳೆಯಿತು, ಅಜ್ಜನ ಹೆಸರೇ ನನಗೆ ಗೊತ್ತಿಲ್ಲ. ನಾಚಿಕೆಯಿಂದ ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಹೇಳುವವರಿಲ್ಲ... ಸುತ್ತ ಯಾರೂ ಇಲ್ಲದ್ದು ನೋಡಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲ ಹೆಸರುಗಳನ್ನೂ ಗಟ್ಟಿಯಾಗಿ ಓದಿದೆ. ಯಾವುದೋ ಒಂದಕ್ಕೆ ಅವರು ಓಗೊಟ್ಟಿರಬೇಕು.