ಅಣ್ಣ ಕೇಳಿದ ಹೂಪ್ರಸಾದ

ಭಕ್ತಿ ಅಂದರೆ ನಮ್ಮಣ್ಣನದು ಕಣ್ರೀ. ಇವತ್ತು ಬೆಳಿಗ್ಗೆ ಕುಂಬಾರಕೊಪ್ಪಲಿನ ಅವನ ಮನೆಗೆ ಹೋದರೆ, ಮಗಳಿಗೆ ಪಿಯುಸಿಯಲ್ಲಿ ಬಯಾಲಜಿಯೋ ಕಂಪ್ಯೂಟರ್ ಸೈನ್ಸೋ ಎಂದು ಹೂಪ್ರಸಾದ ಕೇಳುತ್ತಿದ್ದ. ಚಾಮುಂಡಮ್ಮನ ಪಟದ ಎರಡೂ ಕಡೆ ಸೇವಂತಿಗೆ ಸಿಕ್ಕಿಸಿದ್ದ. ಬಲಗಡೆಯದು ಬಿದ್ದರೆ ಬಯಾಲಜಿ, ಎಡಗಡೆಯದು ಬಿದ್ದರೆ ಕಂಪ್ಯೂಟರ್.

ಎಡಗಡೆಯದು ಬಿತ್ತು. “ಫ್ಯಾನ್ ಗಾಳಿಗೆ ಬಿತ್ತು, ಲೆಕ್ಕಕ್ಕಿಲ್ಲ” ಎಂದ. ಫ್ಯಾನ್ ಆರಿಸಿ ಕೇಳಿದರೂ ಎಡಗಡೆಯದೇ ಬಿತ್ತು. “ಹೂವು ಭಾರ ಆಯ್ತು ಕಣೋ” ಎಂದ. ಮೂರನೇ ಸಲ ಎಡಗಡೆಯ ಹೂವನ್ನು ಹೆಬ್ಬೆರಳಲ್ಲಿ ಒತ್ತಿ ಸಿಕ್ಕಿಸಿದ, ಬಲಗಡೆಯದು ಬಿತ್ತು. “ತಾಯೀನೇ ಡಾಕ್ಟರ್ ಮಾಡು ಅಂದ್ಬುಟ್ಳು” ಎಂದು ಕೆನ್ನೆ ಬಡಿದುಕೊಂಡ.

ಮಗಳು, “ಮುಂದೆ ಏನು ಓದ್ಬೇಕು ಅಂತ ನಂಗೇ ಗೊತ್ತಿಲ್ಲ, ಎರಡು ದಿನ ಟೈಮ್ ಕೊಡಪ್ಪ” ಎಂದಳು.

“ದೇವರ ಮಾತು ಮೀರ್ತೀಯೇನೇ” ಎಂದು ಗದರಿದ, ಅದಾಗಲೇ ಎರಡು ಸಲ ಮೀರಿದ್ದವನು.